ವೆಸ್ಟ್ ವರ್ಜೀನಿಯಾದ ಹಳ್ಳದಜ್ಜಿಯ ಮದುವೆ

ಚಾಮರಾಜಪೇಟೆಯ ನಮ್ಮ ಮನೆಯ ಮಹಡಿಗೆ ಒಂದು ವರ್ಷದ ಮಟ್ಟಿಗೆ ಬಾಡಿಗೆಗೆ ಬಂದವರು ಅಮೆರಿಕದ ಒಬ್ಬ ನಿವೃತ್ತ ಸಂಗೀತದ ಟೀಚರು. ಬಸವನಗುಡಿಯಲ್ಲಿ ಒಬ್ಬ ಹಿರಿಯ ವಿದುಷಿಯ ಹತ್ತಿರ ವೀಣೆ ಕಲಿಯುವುದಕ್ಕೆಂದು ಅಷ್ಟು ದೂರದಿಂದ ಬಂದಿದ್ದರು. ವಯಸ್ಸು ನನ್ನಷ್ಟೇ, ಅರವತ್ತರ ಆಚೀಚೆ. ಬೀದಿಯವರೆಲ್ಲ ಅವರನ್ನು ‘ವೀಣೆ ಮೇಡಂ’ ಎಂದು ಕರೆಯುತ್ತಿದ್ದರು. ನಾನೂ ನನ್ನ ಅಕ್ಕನೂ ನಮ್ಮೊಳಗೆ ‘ಮಹಡಿಯವರು’ ಎನ್ನುತ್ತಿದ್ದೆವು. ಇಲ್ಲೂ ಹಾಗೇ ಕರೆಯುತ್ತೇನೆ. ಅವರು ನಮ್ಮಿಬ್ಬರನ್ನು ದೊಡ್ಡಕ್ಕ, ಚಿಕ್ಕಕ್ಕ ಎನ್ನುತ್ತಿದ್ದರು.

ಆ ಮನೆಯಲ್ಲಿ ಇರುವವರು ನಾವಿಬ್ಬರೇ. ಅಕ್ಕ ಪ್ರೈಮರಿ ಶಾಲೆಯ ಹೆಡ್‌ಮಿಸ್ ಆಗಿ ನಿವೃತ್ತಳಾದವಳು. ನಾನು ಕಂದಾಯ ಇಲಾಖೆಯಲ್ಲಿದ್ದೆ. ಮೂವತ್ತು ವರ್ಷದ ನೌಕರಿಯಲ್ಲಿ ಬಹುಪಾಲು ಕಳೆದದ್ದು ಒಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಅಲ್ಲಿಗೆ ಹಾಕಿದರು ಎಂದರೆ ಮೂಲೆಗೆ ಹಾಕಿದರು ಎಂದೇ ಅರ್ಥ. ಧೂಳು, ಗೆದ್ದಲು, ಕೆಂಪು ಬಟ್ಟೆಯ ಗಂಟುಗಳು. ಮೊದಲ ಆರು ತಿಂಗಳು ನಾನೂ ಅತ್ತಿದ್ದೆ. ಆಮೇಲೆ ಒಂದು ದಿನ ಮುದುಕರೊಬ್ಬರು ಬಂದರು. ತಮ್ಮ ಅಜ್ಜನ ಜಮೀನಿನ ಕಾಗದ ಹುಡುಕಿಕೊಂಡು ಮೂರು ಕಚೇರಿ ಸುತ್ತಿದ್ದರು. ಎಲ್ಲ ಕಡೆಯೂ ‘ಅಂಥ ಊರೇ ನಮ್ಮಲ್ಲಿಲ್ಲ’ ಎಂಬ ಉತ್ತರ. ಅವರ ಹಳ್ಳಿ ಹಿಂದೆ ಬೇರೆ ತಾಲ್ಲೂಕಿಗೆ ಸೇರಿತ್ತು, ತಾಲ್ಲೂಕು ಒಡೆದಾಗ ಹಳ್ಳಿ ಇತ್ತ ಬಂದಿತ್ತು, ಪುಸ್ತಕಗಳು ಅತ್ತಲೇ ಉಳಿದಿದ್ದವು. ನಾನು ಒಂದು ಚೀಟಿ ಬರೆದು ಕಳಿಸಿದೆ. ವಾರದೊಳಗೆ ಕಾಗದ ಕೈಗೆ ಸಿಕ್ಕಿ ಅವರು ಒಂದು ಹಲಸಿನ ಹಣ್ಣು ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟರು. ಅವತ್ತಿನಿಂದ ನನಗೆ ಆ ಕೋಣೆ ಮೂಲೆ ಅನ್ನಿಸಲಿಲ್ಲ. ಯಾವ ಹೋಬಳಿ ಯಾವಾಗ ಯಾವ ತಾಲ್ಲೂಕಿನಲ್ಲಿತ್ತು ಎಂಬುದನ್ನು ಬಾಯಿಪಾಠ ಮಾಡಿಕೊಂಡೆ. ಶಾನುಭೋಗರ ಹಳೆಯ ಮೋಡಿಮೋಡಿ ಕೈಬರಹ ಓದುವುದನ್ನು ರೂಢಿಸಿಕೊಂಡೆ. ಅದಕ್ಕೆ ಯಾರೂ ಶಹಭಾಸ್ ಎನ್ನಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು.

ಮಹಡಿಯವರು ಬಂದು ನಾಲ್ಕು ತಿಂಗಳಾಗಿತ್ತು. ಒಂದು ಮಧ್ಯಾಹ್ನ ದಪ್ಪ ಪುಸ್ತಕವೊಂದನ್ನು ಹಿಡಿದು ಕೆಳಗಿಳಿದು ಬಂದರು. ಕಣ್ಣು ಕೆಂಪಾಗಿತ್ತು. ಅಕ್ಕ ಕಾಫಿ ಕೊಟ್ಟು, “ಏನಾಯ್ತು? ಊರಲ್ಲಿ ಎಲ್ರೂ ಚೆನ್ನಾಗಿದಾರಾ?” ಎಂದಳು.

“ಅಮ್ಮ ಚೆನ್ನಾಗಿದಾರೆ. ಆದ್ರೆ ಈ ಸಲಾನೂ ಹೋಗಲ್ಲ ಅಂತಾರೆ,” ಎಂದರು ಮಹಡಿಯವರು. ವೀಣೆ ಪಾಠದ ಜೊತೆಗೆ ಕಲಿತ ಕನ್ನಡ ಅವರದು. ಕಷ್ಟವಾದ ಕಡೆ ಇಂಗ್ಲಿಷಿಗೆ ಹೊರಳುತ್ತಿದ್ದರು. “ಎಲ್ಲಿಗೆ?” ಎಂದು ಕೇಳಿದ್ದಕ್ಕೆ ಇಡೀ ಕತೆ ಹೇಳಿದರು.

ಅವರ ತಾಯಿಯ ಕಡೆಯವರೆಲ್ಲ ವೆಸ್ಟ್ ವರ್ಜೀನಿಯಾ ರಾಜ್ಯದವರು. ಬೆಟ್ಟದ ಸೀಮೆ. ಪ್ರತಿ ಬೇಸಿಗೆಯಲ್ಲಿ ವಂಶದವರೆಲ್ಲ ಒಂದು ಕಡೆ ಸೇರಿ ಊಟ ಮಾಡುವ ಪದ್ಧತಿ. ಕೆಲವು ವರ್ಷದ ಹಿಂದೆ ಅವರ ಸೋದರಸಂಬಂಧಿಯೊಬ್ಬರು ಕಷ್ಟಪಟ್ಟು ವಂಶದ ಚರಿತ್ರೆ ಬರೆದು ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿದರು. ಅದೇ ಈ ದಪ್ಪ ಪುಸ್ತಕ. ಅದರಲ್ಲಿ ಮಹಡಿಯವರ ಮುತ್ತಜ್ಜಿಯ ತಾಯಿಯ ಪ್ರಸ್ತಾಪ ಬರುತ್ತದೆ. ಬೆಟ್ಟದ ನಡುವಿನ ಒಂದು ಹಳ್ಳದ ದಂಡೆಯಲ್ಲಿ ಆಕೆಯ ಮನೆಯಿತ್ತಂತೆ. ಅದಕ್ಕೇ ಮನೆಯವರೆಲ್ಲ ಆಕೆಯನ್ನು ‘ಹಳ್ಳದಜ್ಜಿ’ ಎಂಬ ಅರ್ಥದ ಇಂಗ್ಲಿಷ್ ಮಾತಿನಲ್ಲೇ ನೆನೆಯುತ್ತಿದ್ದರು. ಏಳು ಮಕ್ಕಳನ್ನು ಹೆತ್ತು ಸಾಕಿದ ಹೆಂಗಸು. ಪುಸ್ತಕದಲ್ಲಿ ಆಕೆಗೆ ಸಿಕ್ಕಿದ್ದು ಎರಡು ಸಾಲು: ‘ತವರುಮನೆ ತಿಳಿದಿಲ್ಲ. ಮದುವೆಗೆ ದಾಖಲೆಯಿಲ್ಲ, ಬಹುಶಃ ಮದುವೆಯಾಗಿರಲಿಲ್ಲ.’

ಮಹಡಿಯವರ ತಾಯಿಗೆ ತೊಂಬತ್ತು ವರ್ಷ. ಅವರನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿ ಬೆಳೆಸಿದವಳು ಹಳ್ಳದಜ್ಜಿಯ ಕಿರಿಯ ಮಗಳು. ಆ ಎರಡು ಸಾಲು ಓದಿದ ಮೇಲೆ ಮುದುಕಿ ಪುಸ್ತಕ ಮುಚ್ಚಿಟ್ಟವರು ಮತ್ತೆ ತೆಗೆಯಲಿಲ್ಲ. ವರ್ಷದ ಊಟಕ್ಕೂ ಹೋಗಲಿಲ್ಲ. “ನನ್ನ ಅಜ್ಜಿಯ ಹುಟ್ಟಿಗೇ ಹೀಗಂದ ಮೇಲೆ ಆ ಪಂಕ್ತಿಯಲ್ಲಿ ನಾನು ಯಾಕೆ ಕೂರಬೇಕು?” ಎಂದರಂತೆ. ಮಗಳು ಅಂದಿನಿಂದ ಆ ಮದುವೆಯ ದಾಖಲೆ ಹುಡುಕುತ್ತಲೇ ಇದ್ದರು. ಆ ಹಳ್ಳ ಇರುವ ಕೌಂಟಿಯ ಪುಸ್ತಕಗಳನ್ನೆಲ್ಲ ಎರಡೆರಡು ಸಲ ನೋಡಿಸಿದ್ದರು. ಕೌಂಟಿ ಎಂದರೆ ನಮ್ಮ ಜಿಲ್ಲೆಗೂ ತಾಲ್ಲೂಕಿಗೂ ನಡುವಿನದು. ಏನೂ ಸಿಕ್ಕಿರಲಿಲ್ಲ.

ನಾನು ಕೇಳಿದ್ದು ಒಂದೇ ಮಾತು. “ಆ ಕೌಂಟಿ ಯಾವಾಗ ಆಯ್ತು?”

ಮಹಡಿಯವರು ನನ್ನ ಮುಖ ನೋಡಿದರು. “ಯಾವಾಗ ಆಯ್ತು ಅಂದ್ರೆ?”

“ಯಾವುದೋ ಒಂದಿನ ಸರ್ಕಾರ ಆದೇಶ ಮಾಡಿ ಗೆರೆ ಎಳೆದಿರುತ್ತಲ್ಲ. ಅದಕ್ಕೆ ಮುಂಚೆ ಆ ಹಳ್ಳ ಯಾವ ಕೌಂಟೀಲಿತ್ತು?”

ಅವರ ಲ್ಯಾಪ್‌ಟಾಪಿನಲ್ಲಿ ಅಲ್ಲೇ ನೋಡಿದೆವು. ಆ ಕೌಂಟಿ ಹುಟ್ಟಿದ್ದೇ ಅಮೆರಿಕದ ಅಂತರ್ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ. ಹಳ್ಳದಜ್ಜಿಗೆ ಆ ಹೊತ್ತಿಗಾಗಲೇ ಹಲವು ಮಕ್ಕಳಾಗಿದ್ದವು. ಇಲ್ಲದ ಕಚೇರಿಯಲ್ಲಿ ಮದುವೆ ಬರೆಸುವುದು ಹೇಗೆ? ಅಷ್ಟೇ ಅಲ್ಲ, ವೆಸ್ಟ್ ವರ್ಜೀನಿಯಾ ಎಂಬ ರಾಜ್ಯವೇ ಆಗ ಇರಲಿಲ್ಲ. ಅದು ವರ್ಜೀನಿಯಾದ ಪಶ್ಚಿಮ ಭಾಗ. ಯುದ್ಧದ ನಡುವೆ ದೊಡ್ಡ ರಾಜ್ಯದಿಂದ ಕಿತ್ತುಕೊಂಡು ಬೇರೆಯಾದದ್ದು. ಹಳ್ಳದಜ್ಜಿ ಮನೆಯ ಹೊಸ್ತಿಲು ದಾಟದೆಯೇ ಎರಡು ರಾಜ್ಯ, ಎರಡು ಮೂರು ಕೌಂಟಿಗಳಲ್ಲಿ ಬಾಳಿದ್ದಳು.

ಮಹಡಿಯವರು ತಲೆಗೆ ಕೈ ಹೊತ್ತು ಕೂತರು. “ರಾಜ್ಯ ಒಡೆದದ್ದು ಶಾಲೇಲಿ ಓದಿದೀನಿ ಚಿಕ್ಕಕ್ಕ. ನಮ್ಮ ಮನೆಗೂ ಅದಕ್ಕೂ ಸಂಬಂಧ ಇದೆ ಅಂತ ಹೊಳೀಲೇ ಇಲ್ಲ.”

“ಎಲ್ಲರಿಗೂ ಹಾಗೇನೇ,” ಎಂದೆ. “ನಮ್ಮ ರಾಮನಗರದೋರನ್ನ ಕೇಳಿ, ಅವರಜ್ಜ ಬೆಂಗಳೂರು ಜಿಲ್ಲೆಯೋರು.”

ಮಾರನೆಯ ದಿನದಿಂದ ನಾನು ಆ ರಾಜ್ಯದ ಚರಿತ್ರೆ ಓದಲು ಕೂತೆ. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಯಾವ ಕೌಂಟಿ ಯಾವುದರಿಂದ ಒಡೆಯಿತು, ಯಾವುದಕ್ಕೆ ಎಲ್ಲಿಯ ಚೂರು ಸೇರಿತು ಎಂದು ಗೀಟು ಹಾಕಿ ಬರೆದುಕೊಂಡೆ. ಬೆಳಗ್ಗೆ ಪೂಜೆ, ತಿಂಡಿ ಆದ ಮೇಲೆ ಅದೇ ಕೆಲಸ. ಅಕ್ಕ ತರಕಾರಿ ಹೆಚ್ಚುತ್ತಾ ರೇಗಿಸುತ್ತಿದ್ದಳು. “ಪಕ್ಕದ ಬೀದೀಲಿ ಯಾರ ಮನೆ ಯಾವುದು ಅಂತ ಗೊತ್ತಿಲ್ಲ ಇವಳಿಗೆ. ಅಮೆರಿಕದ ತಾಲ್ಲೂಕು ಕಟ್ಕೊಂಡು ಕೂತಿದಾಳೆ.” ಹಾಗೆಂದವಳೇ ಮಧ್ಯಾಹ್ನ ಹೊತ್ತು ನನ್ನ ಪಕ್ಕ ಬಂದು ಕೂತು, “ಅಂದ್ರೆ ಇವರು ಯುದ್ಧದಲ್ಲಿ ಯಾವ ಕಡೆ?” ಎಂದು ಕೇಳುತ್ತಿದ್ದಳು. ಆ ಬೆಟ್ಟದ ಸೀಮೆಯಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರು ಎರಡೂ ಕಡೆ ಹೋಗಿ ಬಂದೂಕು ಹಿಡಿದಿದ್ದರು ಎಂದು ಹೇಳಿದಾಗ “ಅವರಮ್ಮ ಹೇಗೆ ತಡ್ಕೊಂಡ್ಲೋ,” ಎಂದಳು.

ಮೂಲ ಕೌಂಟಿಗಳು ಎರಡು ಎಂದು ತಿಳಿಯಿತು. ಎರಡರ ಮದುವೆ ಪುಸ್ತಕಗಳನ್ನೂ ನೋಡಿದೆವು. ಈಗ ಇಂಥ ಪುಸ್ತಕಗಳ ಪುಟಪುಟದ ಚಿತ್ರ ತೆಗೆದು ಅಂತರ್ಜಾಲದಲ್ಲಿ ಹಾಕಿದ್ದಾರೆ. ಚಾಮರಾಜಪೇಟೆಯಲ್ಲಿ ಕೂತು ನೋಡಬಹುದು. ಎರಡು ವಾರ ಕಳೆಯಿತು. ಎರಡರಲ್ಲೂ ಇಲ್ಲ. ಮಹಡಿಯವರ ಮುಖ ಮತ್ತೆ ಬಾಡಿತು. ನನಗೂ ಒಳಗೊಳಗೇ ಅಳುಕು. ಇಷ್ಟು ಆಸೆ ಹುಟ್ಟಿಸಿ ಕೈಬಿಟ್ಟಂತಾಯಿತಲ್ಲ ಅನ್ನಿಸಿತು.

ಆಗ ಆ ಪ್ರದೇಶದ ನಕ್ಷೆಯನ್ನು ತುಂಡು ತುಂಡಾಗಿ ಪ್ರಿಂಟ್ ಮಾಡಿಸಿ ತಂದು, ಊಟದ ಮೇಜಿನ ಮೇಲೆ ಸೆಲೊಟೇಪಿನಿಂದ ಅಂಟಿಸಿ ಹರವಿದೆ. ನೌಕರಿಯಲ್ಲಿ ಕಲಿತದ್ದು ಇದು: ಕಾಗದದ ಮೇಲಿನ ಗೆರೆ ಸರ್ಕಾರದ್ದು, ಜನ ನಡೆಯುವ ದಾರಿ ಜನರದ್ದು. ಮಹಡಿಯವರನ್ನು ಕೇಳಿದೆ, “ನಿಮ್ಮ ಕಡೆ ಆಗೆಲ್ಲ ಮದುವೆ ಯಾರ ಮನೇಲಿ ಮಾಡ್ತಿದ್ರು?”

“ಹುಡುಗಿ ಮನೇಲಿ.”

“ನಮ್ಮಲ್ಲೂ ಹಾಗೇನೇ. ಹಾಗಾದ್ರೆ ನಾವು ಹುಡುಗನ ಊರಲ್ಲಿ ಯಾಕೆ ಹುಡುಕ್ತಿದೀವಿ? ಹುಡುಗಿ ತವರು ಎಲ್ಲಿ?”

“ಅದೇ ಗೊತ್ತಿಲ್ವಲ್ಲ.”

“ಹಳ್ಳದೋರು ಸಂತೆಗೆ ಎಲ್ಲಿಗೆ ಹೋಗ್ತಿದ್ರು? ಅದು ಗೊತ್ತಾದ್ರೆ ಸಂಬಂಧ ಎಲ್ಲಿಂದ ತಂದ್ರು ಅಂತ ಗೊತ್ತಾಗುತ್ತೆ.”

ಅದು ಗೊತ್ತಿರಬಹುದಾದವರು ಒಬ್ಬರೇ. ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ, ಅಂದರೆ ಅಲ್ಲಿನ ಬೆಳಗ್ಗೆ, ಮಹಡಿಯವರು ತಾಯಿಗೆ ವಿಡಿಯೊ ಕರೆ ಮಾಡಿದರು. ಮೊಬೈಲ್ ಪರದೆಯಲ್ಲಿ ಬೆಳ್ಳಗಿನ ಗುಂಗುರು ಕೂದಲು, ದಪ್ಪ ಕನ್ನಡಕ, ತೀಕ್ಷ್ಣವಾದ ಕಣ್ಣು. ಯಾವುದೋ ದೇಶದ ಇಬ್ಬರು ಹೆಂಗಸರು ತನ್ನ ಅಜ್ಜಿಯ ಸಂತೆ ಕೇಳುತ್ತಿರುವುದು ಅವರಿಗೆ ಮೊದಲು ಅರ್ಥವಾಗಲಿಲ್ಲ. ಮಗಳು ಎರಡು ಸಲ ಬಿಡಿಸಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು.

“ಉಪ್ಪಿಗೆ ಬೆಟ್ಟ ದಾಟುತ್ತಿದ್ದರು,” ಎಂದರು. “ಅಜ್ಜಿ ಹೇಳುತ್ತಿದ್ದಳು. ಚಿಕ್ಕವಳಿದ್ದಾಗ ತಾಯಿಯ ಹಿಂದೆ ಕುದುರೆಯ ಮೇಲೆ ಕೂತು ಮೂಡಲ ದಿಕ್ಕಿನ ಕಣಿವೆ ಹಿಡಿದು ಬೆಟ್ಟ ದಾಟಿ ಹೋಗುತ್ತಿದ್ದಳಂತೆ. ಉಪ್ಪು, ಬಟ್ಟೆ. ಆ ಕಡೆ ಒಬ್ಬ ಅಜ್ಜ ಸೇಬಿನ ಹೋಳು ಒಣಗಿಸಿ ಇಟ್ಟಿರುತ್ತಿದ್ದನಂತೆ ಇವಳಿಗೆ.”

ನಾನು ಅಕ್ಕನ ಕೈ ಹಿಡಿದುಕೊಂಡೆ. ಆ ಅಜ್ಜ ಯಾರು? ಮಗುವಿಗೆ ಸೇಬು ಒಣಗಿಸಿಡುವವನು ಅಂಗಡಿಯವನಲ್ಲ, ತಾಯಿಯ ಅಪ್ಪ.

ನಕ್ಷೆಯ ಮೇಲೆ ಹಳ್ಳದಿಂದ ಮೂಡಲಕ್ಕೆ ಬೆರಳಿಟ್ಟು ಸರಿಸಿದೆ. ಬೆಟ್ಟದ ಸಾಲಿನಲ್ಲಿ ಒಂದೇ ಒಂದು ಕಣಿವೆ. ದಾಟಿದರೆ ಇನ್ನೊಂದು ಕೌಂಟಿ. ರಾಜ್ಯ ಒಡೆದಾಗ ಆ ಬೆಟ್ಟದ ನೆತ್ತಿಯೇ ಎರಡು ರಾಜ್ಯಗಳ ಗಡಿಯಾಯಿತು. ಬೆಟ್ಟದ ಆಚೆಯದು ಇವತ್ತಿಗೂ ವರ್ಜೀನಿಯಾ. ಇಷ್ಟು ವರ್ಷ ಎಲ್ಲರೂ ಹುಡುಕಿದ್ದು ವೆಸ್ಟ್ ವರ್ಜೀನಿಯಾದೊಳಗೆ. ಪಕ್ಕದ ರಾಜ್ಯಕ್ಕೆ ಯಾರೂ ಇಣುಕಿಯೇ ಇರಲಿಲ್ಲ.

ಆ ಕೌಂಟಿಯ ಮದುವೆ ಪುಸ್ತಕಗಳ ಚಿತ್ರಗಳೂ ಇದ್ದವು. ಹೆಸರು ಹಾಕಿ ಹುಡುಕಿದರೆ ‘ಇಲ್ಲ’ ಎಂದಿತು. ಮಹಡಿಯವರು ನಿಟ್ಟುಸಿರು ಬಿಟ್ಟು ಎದ್ದರು. ನಾನು ಎದ್ದೇಳಲಿಲ್ಲ. ಹೆಸರುಗಳ ಪಟ್ಟಿ ಮಾಡಿದವರೂ ನಮ್ಮಂಥ ಮನುಷ್ಯರೇ, ತಪ್ಪು ಓದಿರುತ್ತಾರೆ. ಒಂದೊಂದೇ ಪುಟ ನಾನೇ ಓದುತ್ತೇನೆ ಎಂದೆ.

ಮೊದಲ ದಿನ ನಾಲ್ಕು ಪುಟಕ್ಕೇ ಕಣ್ಣು ಸೋತಿತು. ನೂರೈವತ್ತು ವರ್ಷಕ್ಕೂ ಹಳೆಯ ಇಂಗ್ಲಿಷ್ ಗುಮಾಸ್ತನ ಕೈಬರಹ, ಬಾಗಿ ಬಾಗಿ ಹರಿದ ಶಾಯಿ. ಮೂರನೆಯ ದಿನಕ್ಕೆ ಅವನ ಕೈಯ ಓಟ ಹಿಡಿತಕ್ಕೆ ಬಂತು. ಮನುಷ್ಯನ ಪರಿಚಯವೇ ಆದಂತಿತ್ತು. ಸೋಮವಾರದ ಬರಹ ಸ್ಫುಟ, ಶನಿವಾರದ್ದು ಅವಸರ. ಒಂದು ವಿಚಿತ್ರ ಗಮನಿಸಿದೆ. ಎರಡು ‘ಎಸ್’ ಒಟ್ಟಿಗೆ ಬಂದಾಗ ಅವನು ಮೊದಲನೆಯದನ್ನು ಉದ್ದಕ್ಕೆ ಕೆಳಗಿಳಿಸಿ ಬರೆಯುತ್ತಿದ್ದ. ಗೊತ್ತಿಲ್ಲದವರಿಗೆ ಆ ಜೋಡಿ ಥೇಟ್ ‘ಪಿ’ ಅಕ್ಷರದಂತೆ ಕಾಣುತ್ತದೆ. ಮಹಡಿಯವರನ್ನು ಕರೆದು ತೋರಿಸಿದೆ.

“ನಿಮ್ಮ ಆ ಹುಡುಗನ ಮನೆತನದ ಹೆಸರಲ್ಲಿ ಎರಡು ಎಸ್ ಇದೆ ಅಲ್ವಾ?”

“ಹೌದು.”

“ಹಾಗಾದ್ರೆ ಪಟ್ಟೀಲಿ ಅದು ‘ಪಿ’ ಆಗಿ ಕೂತಿದೆ. ಅದಕ್ಕೇ ಕಂಪ್ಯೂಟರಿಗೆ ಸಿಕ್ತಿಲ್ಲ.”

‘ಪಿ’ ಹಾಕಿ ಹುಡುಕುವಷ್ಟು ತಾಳ್ಮೆ ಅವರಿಗಿತ್ತು. ನನಗೆ ಪುಟದ ಮೇಲೇ ನಂಬಿಕೆ. ಲ್ಯಾಪ್‌ಟಾಪ್ ನನಗೆ ಬಿಟ್ಟು ಅವರು ಮಹಡಿಗೆ ಹೋಗಿ ಮೊಬೈಲಿನಲ್ಲಿ ಹುಡುಕತೊಡಗಿದರು, ನಾನು ಕೆಳಗೆ ಪುಟ ಸರಿಸುತ್ತಾ ಹೋದೆ. ಕೆಳಗೇ ಸಿಕ್ಕಿತು. ಎಡಪುಟದಲ್ಲಿ ಕೆಳಗಿನಿಂದ ಆರನೆಯ ಸಾಲು. ಹುಡುಗನ ಹೆಸರು, ವಯಸ್ಸು ಇಪ್ಪತ್ಮೂರು, ವೃತ್ತಿ ಬೇಸಾಯ, ತಂದೆತಾಯಿಯ ಹೆಸರು. ಹುಡುಗಿಯ ಹೆಸರು, ವಯಸ್ಸು ಹತ್ತೊಂಬತ್ತು, ಇದೇ ಕೌಂಟಿಯಲ್ಲಿ ಹುಟ್ಟಿದವಳು. ಅದರ ಮುಂದೆ ಅವಳ ಅಪ್ಪನ ಹೆಸರು, ಅಮ್ಮನ ಹೆಸರು. ಕೊನೆಯಲ್ಲಿ ಮದುವೆ ಮಾಡಿಸಿದ ಪಾದ್ರಿಯ ಹೆಸರು.

ನಾನು ಕೂಗಲಿಲ್ಲ. ಕೂಗುವುದು ನನ್ನ ಕೆಲಸದ ಶಿಸ್ತಲ್ಲ. ಹೆಸರು ಒಂದೇ ಆದ ಮಾತ್ರಕ್ಕೆ ಮನುಷ್ಯ ಒಬ್ಬನೇ ಆಗಬೇಕಿಲ್ಲ. ಸೋದರಸಂಬಂಧಿಯ ಪುಸ್ತಕ ತೆಗೆದು ಹುಡುಗನ ತಂದೆತಾಯಿಯ ಹೆಸರು ನೋಡಿದೆ; ಸರಿಯಾಗಿ ಕೂತಿತು. ಜನಗಣತಿಯಲ್ಲಿ ಹಳ್ಳದಜ್ಜಿ ಹೇಳಿದ ವಯಸ್ಸು ಲೆಕ್ಕ ಹಾಕಿದೆ. ಒಂದು ವರ್ಷದ ಅಂತರ, ಅಷ್ಟೇ. ಮೊದಲ ಮಗು ಹುಟ್ಟಿದ್ದು ಮದುವೆಯಾದ ಹದಿನಾಲ್ಕು ತಿಂಗಳಿಗೆ. ಆಮೇಲೆ ಮೆಟ್ಟಿಲ ಬುಡಕ್ಕೆ ಹೋಗಿ ನಿಂತು ಮೇಲೆ ನೋಡಿ ಹೇಳಿದೆ.

“ಮೇಡಂ, ಕೆಳಗೆ ಬನ್ನಿ. ಮದುವೆ ಆಗಿದೆ.”

ಚಪ್ಪಲಿ ಇಲ್ಲದ ಕಾಲಲ್ಲಿ ಅವರು ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದರು. ಪರದೆಯ ಮುಂದೆ ಬಗ್ಗಿ ಆ ಸಾಲನ್ನು ಬೆರಳಿಟ್ಟು ಓದಿದರು. ಹುಡುಗಿಯ ಅಪ್ಪನ ಹೆಸರಿಗೆ ಬಂದವರೇ ತಿರುಗಿದರು. ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡರು. ನಮ್ಮ ಮನೆಯಲ್ಲಿ ಅಪ್ಪಿಕೊಳ್ಳುವ ರೂಢಿ ಇಲ್ಲ. ನಾನು ಕೈ ಎಲ್ಲಿಡಬೇಕು ಎಂದು ತಿಳಿಯದೆ ನಿಂತೆ. ಅಕ್ಕ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು, ಕಡುಬಿಗೆಂದು ಇಟ್ಟಿದ್ದ ಕಾಯಿತುರಿ ಬೆಲ್ಲವನ್ನೇ ತಂದು ಮೂವರ ಬಾಯಿಗೂ ಹಾಕಿದಳು.

ಸಂಜೆ ತಾಯಿಗೆ ಕರೆ ಮಾಡಿದೆವು. ಮಗಳು ಇಡೀ ಸಾಲನ್ನು ನಿಧಾನವಾಗಿ ಓದಿದರು. ಮುದುಕಿ ಅಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತರು. ಹಳ್ಳದಜ್ಜಿಯ ತವರಿನ ಮನೆತನದ ಹೆಸರನ್ನು ತಾವೂ ಮೂರು ಸಲ ಹೇಳಿ ನೋಡಿಕೊಂಡರು, ಹೊಸ ಒಡವೆ ಹಾಕಿ ನೋಡಿಕೊಳ್ಳುವವರ ಹಾಗೆ. “ಅಂದರೆ ಬೆಟ್ಟದ ಆಚೆಗೂ ನನ್ನವರಿದ್ದಾರೆ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನಿಮಗೆ ಹೇಗೆ ಗೊತ್ತಾಯಿತು?” ಎಂದು ಕೇಳಿದರು.

“ನಾನು ರೆಕಾರ್ಡ್ ರೂಮಿನವಳು,” ಎಂದೆ. ಅಷ್ಟು ಹೆಮ್ಮೆಯಿಂದ ಆ ಮಾತನ್ನು ನಾನು ಯಾವತ್ತೂ ಹೇಳಿರಲಿಲ್ಲ.

ಪುಸ್ತಕ ಬರೆದ ಸೋದರಸಂಬಂಧಿಗೆ ಮಹಡಿಯವರು ಆ ಪುಟದ ಚಿತ್ರ ಕಳಿಸಿದರು. ಜಗಳ ಬರಬಹುದು ಎಂದು ನಾವು ಹೆದರಿದ್ದೆವು. ಎರಡೇ ದಿನದಲ್ಲಿ ಉತ್ತರ ಬಂತು. ತಾನು ಬೆಟ್ಟದ ಈಚೆಗೇ ನಿಂತು ತೀರ್ಪು ಬರೆದುಬಿಟ್ಟೆ, ಈ ಬೇಸಿಗೆಯ ಊಟದಲ್ಲಿ ಎಲ್ಲರೆದುರು ತಿದ್ದಿಕೊಳ್ಳುತ್ತೇನೆ, ದೊಡ್ಡಮ್ಮ ಬರಲೇಬೇಕು ಎಂದು ಬರೆದಿದ್ದರು. ತಪ್ಪು ಒಪ್ಪಿಕೊಂಡ ಆ ರೀತಿ ನನಗೆ ಹಿಡಿಸಿತು.

ಮುಂದಿನ ಯೋಚನೆ ಅಕ್ಕನದು. “ತಿದ್ದಿದ್ರೆ ಸಾಲ್ದು. ಮದುವೆ ಅಂದ್ಮೇಲೆ ಲಗ್ನಪತ್ರಿಕೆ ಬೇಡ್ವಾ?” ಎಂದಳು. ಮೂವರೂ ಆಟೋ ಹಿಡಿದು ಸುಲ್ತಾನ್‌ಪೇಟೆಗೆ ಹೋದೆವು. ಬೀದಿಯ ಉದ್ದಕ್ಕೂ ಪತ್ರಿಕೆಯ ಅಂಗಡಿಗಳು. ಒಂದರಲ್ಲಿ ಕೂತು ಅರಿಸಿನ ಬಣ್ಣದ, ಅಂಚಿಗೆ ಮಾವಿನೆಲೆ ತೋರಣ ಇರುವ ಕಾರ್ಡ್ ಆರಿಸಿದೆವು. ಅಂಗಡಿಯವರು ಪೆನ್ನು ತೆಗೆದು, “ಮುಹೂರ್ತ ಯಾವತ್ತು ಹೇಳಿ ಮೇಡಂ” ಎಂದರು.

“ಮದುವೆ ಆಗಿ ನೂರೈವತ್ತು ವರ್ಷದ ಮೇಲಾಯ್ತು,” ಎಂದಳು ಅಕ್ಕ.

ಅವರು ಪೆನ್ನು ಕೆಳಗಿಟ್ಟರು. “ಏನಮ್ಮ, ತಮಾಷೆ ಮಾಡ್ತಿದೀರಾ?”

ನಾನು ಎಲ್ಲ ವಿವರಿಸಿದೆ. ಬೆಟ್ಟ, ಹಳ್ಳ, ಒಡೆದ ರಾಜ್ಯ, ಪುಸ್ತಕದಲ್ಲಿ ಬರೆದ ಆ ಮಾತು. ಅವರು ಕೇಳುತ್ತಾ ಕೇಳುತ್ತಾ ಕೌಂಟರಿನ ಮೇಲೆ ಮೊಣಕೈ ಊರಿ ನಿಂತರು. ಪಕ್ಕದ ಅಂಗಡಿಯವರೂ ಬಂದು ಸೇರಿಕೊಂಡರು. ಕೊನೆಗೆ ಅಂಗಡಿಯವರು, “ನಮ್ಮ ತಾತನ ಕಾಲದಿಂದ ಪತ್ರಿಕೆ ಹೊಡೀತಿದೀವಿ. ಮದುವೆಗೆ ಇಷ್ಟು ಲೇಟಾಗಿ ಯಾರೂ ಬಂದಿಲ್ಲ,” ಎಂದು ನಕ್ಕರು. ಆಮೇಲೆ ಗಂಭೀರವಾಗಿ, “ಹುಡುಗಿ ಅಪ್ಪ ಅಮ್ಮನ ಹೆಸರು ದಪ್ಪಕ್ಷರದಲ್ಲಿ ಹಾಕ್ತೀನಿ. ಇಷ್ಟು ದಿನ ಕಾಣ್ದೇ ಇದ್ದೋರು ಅವರೇ ತಾನೇ?” ಎಂದರು. ಅದು ನಮಗೆ ಹೊಳೆದಿರಲಿಲ್ಲ.

ಕಾರ್ಡಿನ ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಕನ್ನಡ. ಕನ್ನಡದ ಒಕ್ಕಣೆ ಅಕ್ಕನದು: ‘ಇವರ ಪುತ್ರಿಯನ್ನು ಇವರ ಪುತ್ರನಿಗೆ ಬೆಟ್ಟದ ಆಚೆಯ ತವರುಮನೆಯಲ್ಲಿ ಗುರುಹಿರಿಯರ ಸಮ್ಮುಖದಲ್ಲಿ ಕೊಟ್ಟು ವಿವಾಹ ಮಾಡಲಾಗಿದೆ. ಬಂಧುಗಳೆಲ್ಲರೂ ತಿಳಿದು ಸಂತೋಷಪಡಬೇಕಾಗಿ ವಿನಂತಿ.’ ಮಹಡಿಯವರು ಆ ಒಕ್ಕಣೆಯನ್ನು ದಿನವೂ ವೀಣೆ ಅಭ್ಯಾಸ ಆದ ಮೇಲೆ ಗಟ್ಟಿಯಾಗಿ ಓದಿ ಓದಿ ಉಚ್ಚಾರ ತಿದ್ದಿಕೊಂಡರು. ವರ್ಷ ತುಂಬಿ ಊರಿಗೆ ಹೊರಟಾಗ ಕಾರ್ಡುಗಳ ಕಟ್ಟನ್ನು ಕೈಚೀಲದಲ್ಲೇ ಇಟ್ಟುಕೊಂಡರು. ದೊಡ್ಡ ಪೆಟ್ಟಿಗೆಗೆ ಹಾಕಲು ಒಪ್ಪಲಿಲ್ಲ.

ಬೇಸಿಗೆಯ ಊಟ ಮುಗಿದ ಮರುದಿನ ಬೆಳಗ್ಗೆ ನಮಗೆ ಒಂದು ವಿಡಿಯೊ ಬಂತು. ಅಕ್ಕ ದೋಸೆ ಹುಯ್ಯುತ್ತಿದ್ದಳು. ಹುಲ್ಲಿನ ಮೇಲೆ ಉದ್ದನೆಯ ಮೇಜುಗಳು, ಹಿಂದೆ ನೀಲಿ ಬೆಟ್ಟ, ಎಲ್ಲರ ಕೈಯಲ್ಲೂ ಮಾವಿನೆಲೆಯ ಕಾರ್ಡು. ಸೋದರಸಂಬಂಧಿ ಎದ್ದು ನಿಂತರು. ದಪ್ಪ ಮೈಯ, ಕೆಂಪು ಮುಖದ ಮನುಷ್ಯ. ಪುಸ್ತಕದ ಆ ಎರಡು ಸಾಲನ್ನು ಓದಿ, ಇದು ತಪ್ಪು ಎಂದು ಹೇಳಿ, ಕಾರ್ಡಿನ ಇಂಗ್ಲಿಷ್ ಬದಿಯನ್ನು ಓದಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಬೆಟ್ಟದ ಆಚೆಯ ಮನೆತನದಿಂದ ಹುಡುಕಿ ಕರೆಸಿದ್ದ ಒಬ್ಬ ಮುದುಕರು, ಅವರ ಹೆಂಡತಿ, ಮೊದಲ ಮೇಜಿನಲ್ಲಿ ಕೂತಿದ್ದರು. ಪಕ್ಕದಲ್ಲೇ ಮಹಡಿಯವರ ತಾಯಿ, ಮಗಳು ಒಯ್ದಿದ್ದ ಮೈಸೂರು ರೇಷ್ಮೆಯ ಶಾಲು ಹೊದ್ದು, ಮದುವೆಮನೆಯ ಹಿರಿಯಳಂತೆ.

“ಇನ್ನೊಂದು ಬದಿಯಲ್ಲಿ ಏನಿದೆ?” ಎಂದು ಯಾರೋ ಕೇಳಿದರು. ಮಹಡಿಯವರು ಮುಂದೆ ಬಂದು, ವೆಸ್ಟ್ ವರ್ಜೀನಿಯಾದ ಆ ಬಯಲಿನಲ್ಲಿ, ಅಕ್ಕನ ಕನ್ನಡವನ್ನು ಒಂದಕ್ಷರ ತಪ್ಪದೆ ಓದಿದರು. ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಎಲ್ಲರೂ ಟೋಪಿ ತೆಗೆದು ಕೇಳಿದರು. ತೊಂಬತ್ತರ ಆ ಮುದುಕಿ ಮಾತ್ರ ಕೈ ಎತ್ತಿ, “ಮತ್ತೊಮ್ಮೆ ಓದು” ಎಂದರು. ಮಗಳು ಮತ್ತೊಮ್ಮೆ ಓದಿದರು.

ಒಲೆಯ ಮೇಲಿನ ದೋಸೆ ಸೀದು ಕರಕಾಗಿತ್ತು. ಅಕ್ಕ ಸೌಟು ಹಿಡಿದು ನನ್ನ ಹೆಗಲಿಗೆ ಒರಗಿಕೊಂಡೇ ನಿಂತಿದ್ದಳು. “ನೋಡೇ, ‘ವಿವಾಹ’ ಅನ್ನೋದನ್ನ ಎಷ್ಟು ಚೆನ್ನಾಗಿ ಅಂದ್ರು,” ಎಂದಳು.